ಬೆಳಕೋ ಬಿಳುಪೋ

ನಿನ್ನೆ ಊಟವಾದ ಮೇಲೆ ಬಾಯಿಗೊಂದು ಚೂರು ಅಡಿಕೆ ಬೇಕೆನಿಸಿತು. ಕೇಳಿದರೆ ನನ್ನಾಕೆ ಅಡಿಗೆಮನೆಯಿಂದಲೇ, "ಅಲ್ಲೇ ಗೂಟಕ್ಕ ಚೀಲ ಐತಿ ನೋಡ್ರಿ" ಎಂದಳು. ನೋಡಿದೆ. ಗೂಟಕ್ಕೆ ನೇತುಬಿದ್ದದ್ದು ಯಾವ ಚೀಲ ಅಂತೀರಿ? ನನ್ನ ಲೈಟ್ ಮೀಟರಿನ ಚರ್ಮದ ಚೀಲ! ಒಳಗೆ ಅಡಿಕೆ ಚೂರು, ಲವಂಗ, ಯಾವುದೋ ಕಾಲದ ಒಣಗಿದ ಶುಂಠಿ.

"ಇದರಾಗಿನ ಮೀಟರ್ ಎಲ್ಲೇತಿ?" ಎಂದು ಗಾಬರಿಯಾಗಿ ಕೇಳಿದೆ.

"ಟ್ರಂಕಿನ ತಳದಾಗ ಐತಿ. ಈಗ ಅದನ್ನ ತಗೊಂಡು ಏನ್ ಮಾಡ್ತೀರಿ? ಬೆಳಕ ಐತೋ ಇಲ್ಲೋ ಕಣ್ಣಿಗೆ ಕಾಣಂಗಿಲ್ಲೇನು?"

ಬೆಟಗೇರಿಯಲ್ಲಿ ಇಷ್ಟು ವರ್ಷ ಸ್ಟುಡಿಯೋ ನಡೆಸಿದವನಿಗೆ ಹೆಂಡತಿ ಕೇಳುವ ಪ್ರಶ್ನೆಯೇ ಇದು? ಹೋಗಿ ಟ್ರಂಕು ತೆರೆದೆ. ಹಳೆಯ ಸ್ವೆಟರಿನ ತೋಳೊಳಗೆ ಮಲಗಿತ್ತು ಪುಣ್ಯಾತ್ಮ. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದೆ. ಮುಳ್ಳು ಸರ್ರನೆ ಎದ್ದು ಹದಿನೈದಕ್ಕೆ ಹೋಗಿ ನಿಂತಿತು! ಸೆಲ್ ಬೇಡ, ಚಾರ್ಜರ್ ಬೇಡ. ಬೆಳಕನ್ನೇ ಉಂಡು ಬದುಕುವ ಜಾತಿ ಅದು. ನಾನೋ, ಬೆಳಗ್ಗೆ ಎದ್ದರೆ ಮಂಡಿ ಹಿಡಿದುಕೊಂಡು ಗೋಡೆಯ ಹತ್ತಿರ ಮಾತಾಡಿ ಮುಂದಕ್ಕೆ ಹೋಗುವವನು. ಹದಿನೈದು ಎಂಬ ಅಂಕಿ ನೋಡಿದ್ದೇ ತಡ, ನಗು ಬಂತು. ಒಬ್ಬನೇ ನಿಂತು ನಕ್ಕದ್ದನ್ನು ಕಂಡು ನನ್ನಾಕೆ ಹೊರಗೆ ಬಂದು ಹಣೆ ಮುಟ್ಟಿ ನೋಡಿದಳು. ಜ್ವರವಲ್ಲ. ಹಳೆಯ ಪಾಪ. ಇವತ್ತು ನಿಮ್ಮ ಮುಂದೆ ಹೇಳಿ ಹಗುರಾಗುತ್ತೇನೆ.

ನಾನು ಫೋಟೋದ ಕೆಲಸಕ್ಕೆ ಬಂದದ್ದೇ ಒಂದು ಬೈಗುಳದಿಂದ. ಅಪ್ಪ ನೇಕಾರ. ನೂಲಿನ ಲಡಿ ಕೈಯಲ್ಲಿ ಹಿಡಿದು, ಇದು ಮೊನ್ನೆಯ ಕರಿ, ಇದು ನಿನ್ನೆಯ ಕರಿ ಎಂದು ಎರಡು ಕಪ್ಪನ್ನು ಬೇರೆ ಮಾಡುತ್ತಿದ್ದ. ನನಗೆ ಕೆಂಪು ಯಾವುದು, ಮೆಂತ್ಯದ ಹಳದಿ ಯಾವುದು ಎನ್ನುವಲ್ಲೇ ತಡವರಿಕೆ. ಒಂದು ದಿನ ಸೀರೆಯ ಸೆರಗಿಗೆ ಬೇರೆಯದೇ ಬಣ್ಣದ ನೂಲು ಸುತ್ತಿಕೊಟ್ಟುಬಿಟ್ಟೆ. ಅಪ್ಪ ಮಗ್ಗದ ಗುಂಡಿಯಿಂದ ಎದ್ದು, "ನಿನಗ ಬಣ್ಣ ತಿಳಿಯಂಗಿಲ್ಲಲೇ! ಕರೇದು ಬಿಳೇದು ಇರೂ ಕೆಲಸ ಯಾವುದರ ಇದ್ರ ಮಾಡು ಹೋಗು!" ಎಂದ. ಆ ಕಾಲಕ್ಕೆ ಫೋಟೋ ಎಂದರೆ ಕರೇದು ಬಿಳೇದೇ. ಅಪ್ಪನ ಮಾತು ಮೀರಬಾರದೆಂದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕ್ಯಾಮೆರಾ ಹಿಡಿದೆ.

ಮೀಟರ್ ಸಿಕ್ಕಿದ್ದು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ. ಅಂಗೈಯಗಲದ ಕರಿ ಡಬ್ಬಿ. ಒಂದು ಮೈಗೆ ಅಂಕಿ, ಮುಳ್ಳು. ತಲೆಯ ಕಡೆ ಬೆಳಕು ಹೀರುವ ಪುಟ್ಟ ಕಿಟಕಿ. ಆ ಕಿಟಕಿಗೆ ಸರಿಸಿಕೊಳ್ಳಲು ಪಾರಿವಾಳದ ಮೊಟ್ಟೆಯನ್ನು ಅರ್ಧ ಕತ್ತರಿಸಿದಂಥ ಬಿಳಿ ಗುಮ್ಮಟ. ಫೋಟೋ ತೆಗೆಸಿಕೊಳ್ಳುವವರ ಗದ್ದದ ಹತ್ತಿರ ಇದನ್ನು ಹಿಡಿದು ಗುಮ್ಮಟವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿದರೆ, ಆ ಜಾಗದಲ್ಲಿ ಎಷ್ಟು ಬೆಳಕು ಬೀಳುತ್ತಿದೆ ಎಂದು ಮುಳ್ಳು ಹೇಳುತ್ತದೆ. ಅದಕ್ಕೆ ತಕ್ಕಂತೆ ಕ್ಯಾಮೆರಾದ ಕಣ್ಣು ಹಿಗ್ಗಿಸಿ ಕುಗ್ಗಿಸಿ ಒತ್ತಿದರೆ ಆಯಿತು. ಕರಿಯರು ಕರಿಯರಾಗಿ, ಬಿಳಿಯರು ಬಿಳಿಯರಾಗಿ, ಇದ್ದವರು ಇದ್ದ ಹಾಗೆ ಬರುತ್ತಾರೆ. ಮುಖ ಯಾರದು, ಮೈಬಣ್ಣ ಯಾವುದು ಎಂಬ ಗೊಡವೆಯೇ ಗುಮ್ಮಟಕ್ಕಿಲ್ಲ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಗುಮ್ಮಟ ತೆಗೆದು ಬರೀ ಕಿಟಕಿಯನ್ನು ಎದುರಿನ ವಸ್ತುವಿಗೆ ತೋರಿಸಿ ಅಳೆಯುವ ರೀತಿಯೂ ಉಂಟು. ಅದರಲ್ಲೊಂದು ಮೋಸವಿದೆ: ಆಗ ಮೀಟರ್ ಲೋಕವೆಲ್ಲ ಬೂದಿಬಣ್ಣದ್ದು ಎಂದು ತಿಳಿಯುತ್ತದೆ. ಇದು ಗೊತ್ತಾಗುವ ಮೊದಲು ಮಲ್ಲಸಮುದ್ರದಲ್ಲಿ ಒಬ್ಬ ರೈತನ ಎಮ್ಮೆಯ ಫೋಟೋ ತೆಗೆದಿದ್ದೆ. ಹಾಲಿನ ಪಂದ್ಯದಲ್ಲಿ ಗೆದ್ದ ಎಮ್ಮೆ, ಇದ್ದಿಲಿನಂಥ ಕಪ್ಪು. ಕಿಟಕಿಯನ್ನು ಅದರ ಹೊಟ್ಟೆಗೆ ತೋರಿಸಿ ಅಳೆದೆ. ಪಾಪ, ಮೀಟರ್ ಅಷ್ಟೊಂದು ಕಪ್ಪು ನೋಡಿ, ಇಲ್ಲಿ ಬೆಳಕೇ ಇಲ್ಲ, ಕಣ್ಣು ಅಗಲಿಸು ಎಂದಿತು. ಅಗಲಿಸಿದೆ. ಫೋಟೋದಲ್ಲಿ ಎಮ್ಮೆ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಬಂತು. ರೈತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮ ಎಮ್ಮಿ ಅಲ್ರಿ. ಆಜೂಬಾಜೂದವರದು ಯಾರದೋ ಐತಿ. ಅವರಿಗೇ ಕೊಡ್ರಿ" ಎಂದು ಹೊರಟೇಹೋದ. ಅಂದಿನಿಂದ ಗುಮ್ಮಟವನ್ನು ಬಿಟ್ಟಿರಲಿಲ್ಲ.

ಪಾಪ ಶುರುವಾದದ್ದು ಶಿರಹಟ್ಟಿಯಲ್ಲಿ, ಒಂದು ಪದದಿಂದ. ಒಬ್ಬ ಹುಡುಗಿಯ ಕನ್ಯಾ ಫೋಟೋ ತೆಗೆಯಲು ಹೋಗಿದ್ದೆ. ವರನ ಕಡೆಯವರಿಗೆ ಕಳಿಸುವ ಫೋಟೋ. ಹುಡುಗಿಯ ಗದ್ದಕ್ಕೆ ಮೀಟರ್ ಹಿಡಿದಾಗ, ಕಿವಿ ಮಂದವಾಗಿದ್ದ ಅವಳ ಅಜ್ಜಿ ಹತ್ತಿರ ಬಂದು, "ಅದೇನೋ ತಮ್ಮಾ?" ಎಂದಳು.

"ಬೆಳಕ ಅಳಿಯೂದು, ಆಯಿ" ಎಂದೆ.

"ಬಿಳುಪ ಅಳಿಯೂದಾ?" ಎಂದವಳೇ ಒಳಕ್ಕೆ ತಿರುಗಿ, "ಏ, ಎಲ್ಲಾರೂ ಹೊರಗ ಬರ್ರೇ! ಬಿಳುಪ ಅಳಿಯೂ ಮಷಿನ್ ಬಂದೈತಿ!" ಎಂದು ಕೂಗಿದಳು.

"ಬಿಳುಪ ಅಲ್ಲ ಆಯಿ, ಬೆಳಕ" ಎಂದು ನಾನು ಒಂದು ಸಲ ಹೇಳಿದ್ದು ಖರೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕೆನ್ನುವಷ್ಟರಲ್ಲಿ ಮನೆಯ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಅಂಗಳದಲ್ಲಿ ನಿಂತಿದ್ದರು. "ನಂದು ನೋಡ್ರಿ", "ನಮ್ಮ ನೆಗೆಣ್ಣಿದು ಎಷ್ಟ?" ಎಂದು ಗದ್ದ ಮುಂದೆ ಮಾಡುತ್ತಿದ್ದರು. ನಾನು ಆಗ ಮೀಸೆ ಚಿಗುರುತ್ತಿದ್ದ ವಯಸ್ಸಿನವನು. ಯಾವತ್ತೂ ನನ್ನ ಮಾತಿಗೆ ಇಷ್ಟು ಜನ ಕಾದದ್ದಿಲ್ಲ. ಆ ಎರಡನೆಯ ಕೂಗು ನನ್ನ ಗಂಟಲಲ್ಲೇ ಉಳಿಯಿತು.

ಆಮೇಲೆ ಕೇಳಬೇಡಿ. ಲಕ್ಷ್ಮೇಶ್ವರ, ಮುಂಡರಗಿ ಕಡೆಯೆಲ್ಲ ನಾನು ಮೀಟರ್ ಸಿದ್ರಾಮನಾದೆ. ಹುಡುಗಿಯರಿಗೆ ಮಾರ್ಕು ಬೀಳತೊಡಗಿತು. ಬಿಸಿಲಲ್ಲಿ ಕೂತವಳಿಗೆ ಹದಿನೈದು, ಚಪ್ಪರದ ಕೆಳಗೆ ಕೂತವಳಿಗೆ ಹದಿಮೂರು, ಪಡಸಾಲೆಯಲ್ಲಿ ನಾಚಿಕೊಂಡು ಕೂತವಳಿಗೆ ಆರು! ನಾಚಿಕೆಗೆ ಅಷ್ಟು ಮಾರ್ಕು ಕಡಿಮೆ ಮಾಡಿದ ಮಾಸ್ತರ ನಾನೊಬ್ಬನೇ ಇರಬೇಕು.

ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿಯ ಗಂಗವ್ವ ಎಂಬಾಕೆ ಇದ್ದಳು. ದೊಡ್ಡ ಸೊಸೆಯನ್ನು ನನ್ನ ಮೀಟರಿನಲ್ಲಿ ಹದಿನೈದು ಬಂದ ಮೇಲೆಯೇ ತಂದವಳು. ಎರಡನೆಯ ಮಗ ಬಸವರಾಜನಿಗೆ ಹುಡುಗಿ ನೋಡಲು ಹಿರೇವಡ್ಡಟ್ಟಿಗೆ ಹೊರಟಾಗ ಫೋಟೋ ನಂಬುವುದಿಲ್ಲವೆಂದು ನನ್ನನ್ನೇ ಮೀಟರ್ ಸಮೇತ ಕರೆದುಕೊಂಡು ಹೋದಳು. ಹುಡುಗಿ ರೇಣುಕಾ. ಚೂಡಾ, ಚಹಾ ಆಯಿತು. ಅಡಿಗೆ ಬರತೈತೋ, ಓದಿದ್ದೆಷ್ಟು, ಎಲ್ಲ ಕೇಳಿಯಾಯಿತು. ರೇಣುಕಾ ಯಾವುದಕ್ಕೂ ತಡವರಿಸಲಿಲ್ಲ. ಬಸವರಾಜನ ಚಹಾ ಬಟ್ಟಲಲ್ಲೇ ಆರಿಹೋಯಿತು. ಅವನ ಕಣ್ಣೆಲ್ಲ ಅವಳ ಮೇಲೆ. ಗಂಗವ್ವನಿಗೂ ಮನಸ್ಸಿಗೆ ಬಂದಿತ್ತು. ಉಳಿದದ್ದು ನಾನು.

ಅಂಗಳದಲ್ಲಿ ಅವಳನ್ನು ಕೂಡ್ರಿಸಿ ಗದ್ದದ ಹತ್ತಿರ ಗುಮ್ಮಟ ಹಿಡಿದೆ. ಅದೇ ಗಳಿಗೆಗೆ ಎಲ್ಲಿಂದಲೋ ಒಂದು ಮೋಡ ಬಂದು ಸೂರ್ಯನ ಮುಂದೆ ನಿಂತಿತು.

"ಎಷ್ಟ ಬಂತೋ ಸಿದ್ರಾಮಾ?" ಗಂಗವ್ವ ಕೇಳಿದಳು.

"ಹನ್ನೆರಡು..."

"ಹನ್ನೆರಡ ಏನು?" ಗಂಗವ್ವನ ಮುಖವೂ ಮೋಡವಾಯಿತು.

ರೇಣುಕಾ ಮೆಲ್ಲಗೆ ಬಗ್ಗಿ ಅಂಕಿ ನೋಡಿದಳು. "ಈಗ ನೋಡ್ರಿ, ಏರಾಕತ್ತೇತಿ" ಎಂದಳು, ನನಗೆ ಮಾತ್ರ ಕೇಳುವಂತೆ. ನೋಡಿದೆ. ಮೋಡ ಸರಿಯುತ್ತಿತ್ತು. ಮುಳ್ಳು ಹದಿಮೂರು ದಾಟಿ ಹದಿನಾಲ್ಕರ ಕಡೆ ಹೊರಟಿತ್ತು. 'ಮಾಡ ಬಂದಿತ್ರಿ' ಎಂದು ಒಂದೇ ಮಾತು ಹೇಳಿದ್ದರೆ ಆಗಿತ್ತು. ಆದರೆ ಹೇಳಿದರೆ ಮೀಟರಿನ ಮರ್ಯಾದೆ ಹೋಗುತ್ತದೆ, ಅದರ ಹಿಂದೆ ನನ್ನದೂ. ಮೀಟರನ್ನು ಚೀಲಕ್ಕೆ ಹಾಕಿ ಚೀಲದ ಗುಂಡಿ ಹಾಕಿಬಿಟ್ಟೆ. ರೇಣುಕಾ ಆ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಗಂಗವ್ವ ಎದ್ದು, "ಹೇಳಿ ಕಳಸ್ತೀವ್ರಿ" ಎಂದಳು. ನಮ್ಮ ಕಡೆ ಹಾಗೆಂದರೆ ಹೇಳಿ ಕಳಿಸುವುದಿಲ್ಲ ಎಂದು ಅರ್ಥ.

ಬಸ್ಸಿನಲ್ಲಿ ಗಂಗವ್ವ ನಿದ್ದೆ ಹೋದಳು. ಬಸವರಾಜ ಕಿಟಕಿಯಾಚೆ ನೋಡುತ್ತಿದ್ದ. ನಾನು ತೊಡೆಯ ಮೇಲಿನ ಚೀಲ ನೋಡುತ್ತ, ಹೋಗಲಿ ಬಿಡು, ಅವಳಿಗೆ ಬೇರೆ ವರ ಸಿಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಿಗಲಿಲ್ಲ. ಹನ್ನೆರಡರ ಹುಡುಗಿ ಎಂಬ ಮಾತು ಅವಳಿಗಿಂತ ಮೊದಲೇ ಊರೂರಿಗೆ ಹೋಗಿ ಕೂತಿತ್ತು. ಬಂದ ಇನ್ನೊಂದು ಸಂಬಂಧವೂ ಅದೇ ಕಾರಣಕ್ಕೆ ಹಿಂದಕ್ಕೆ ಹೋಯಿತೆಂದು ಮುಂಡರಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನಗೇ ಹೇಳಿದರು, ಮೀಟರನ್ನು ಹೊಗಳುತ್ತ.

ಸುಗ್ಗಿ ಮುಗಿಯುವ ಹೊತ್ತಿಗೆ ಗಂಗವ್ವನಿಂದ ಹೇಳಿಕೆ ಬಂತು: ಬಸವರಾಜನಿಗೆ ನಿನ್ನ ತಂಗಿ ನೀಲವ್ವನನ್ನು ನೋಡಲು ಬೆಟಗೇರಿಗೆ ಬರುತ್ತೇವೆ. ಮೀಟರ್ ಇರುವ ಮನೆಯಲ್ಲಿ ಕಡಿಮೆ ಅಂಕಿ ಹೇಗಿರುತ್ತದೆ ಎಂಬುದು ಅವಳ ಲೆಕ್ಕ.

ನೀಲವ್ವ ನನ್ನ ಹಾಗೆಯೇ ಎಣ್ಣೆಗಪ್ಪು. ಆದರೂ ನಾನು ಧೈರ್ಯಗೆಡದೆ ಅಂಗಳಕ್ಕೆ ಬಂದು, ಬಿಸಿಲು ಎಲ್ಲಿ ಬೀಳುತ್ತದೆ ನೋಡಿ, ಎದುರಿಗೆ ಹಗ್ಗ ಕಟ್ಟಿ ಅಪ್ಪನ ಬಿಳಿ ಧೋತರ ತೂಗುಹಾಕತೊಡಗಿದೆ. ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ನೀಲವ್ವ, "ಒಣಗಿದ್ದ ಧೋತರ ಮತ್ತ ಯಾಕ ಒಣಗಸ್ತಿ ಅಣ್ಣಾ?" ಎಂದಳು.

"ಬೆಳಕ ಇದಕ್ಕ ಬಡದು ನಿನ್ನ ಮಾರಿಗೆ ಬರತೈತಿ. ಹದಿನಾರು ತರಸ್ತೀನಿ ನೋಡು ನಿನಗ!"

ಏನು ಹದಿನಾರು ಎಂದು ಕೇಳಿದಳು. ಹೇಳಬೇಕಾಯಿತು. ಶಿರಹಟ್ಟಿಯ ಆಯಿಯಿಂದ ಶುರುಮಾಡಿದೆ. ನೀಲವ್ವ ನಗತೊಡಗಿದಳು. ನಕ್ಕು ನಕ್ಕು ಕಂಡಿಕೆ ಉರುಳಿ, ನೂಲು ಅಂಗಳದ ತುಂಬ ಹರಿದು, ಅದನ್ನು ಹಿಡಿಯಲು ಹೋಗಿ ಧೋತರದ ಮೇಲೆ ಬಿದ್ದಳು. ನಾನೂ ನಕ್ಕೆ. ನಗುವಿನ ಭರದಲ್ಲಿ ಹಿರೇವಡ್ಡಟ್ಟಿಯ ಮೋಡವನ್ನೂ ಹೇಳಿಬಿಟ್ಟೆ. ಅವಳ ನಗು ನಿಂತಿತು.

"ಆ ಹುಡುಗಿ ಹೆಸರೇನು?"

"ರೇಣುಕಾ."

"ನನಗ ನೀ ಧೋತರ ಕಟ್ಟಿದಿ. ರೇಣುಕಾಗ ಯಾರ ಕಟ್ಟಿದ್ರೋ ಅಣ್ಣಾ?"

ನೀಲವ್ವ ಎದ್ದು ಧೋತರ ಕಿತ್ತು ಮಡಚಿ ಒಳಗಿಟ್ಟಳು. ಮೀಟರ್ ಹೇಗೆ ಹಿಡಿಯುವುದು ತೋರಿಸು ಎಂದಳು. ತೋರಿಸಿದೆ.

ಗಂಗವ್ವ, ಬಸವರಾಜ ಬಂದರು. ಚೂಡಾದ ತಟ್ಟೆ ತರಬೇಕಾದ ಕನ್ಯೆ ಮೀಟರ್ ಹಿಡಿದುಕೊಂಡು ಬಂದಳು! "ಮೊದಲ ನೀವ ಕುಂಡ್ರಿ ಅಮ್ಮಾರ" ಎಂದು ಗಂಗವ್ವನನ್ನು ಬಿಸಿಲಲ್ಲಿ ಕೂಡ್ರಿಸಿ ಅಳೆದಳು. ಹದಿನೈದು. ಗಂಗವ್ವ ಹಿಗ್ಗಿದಳು. ಅದೇ ಜಾಗದಲ್ಲಿ ತಾನು ಕೂತಳು. ಹದಿನೈದು. ಗಂಗವ್ವ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನೀಲವ್ವ ಹೊರಗೆ ಕಟ್ಟಿದ್ದ ನಮ್ಮ ಕರಿ ಆಡನ್ನು ಎಳೆದುತಂದು ಅಲ್ಲೇ ನಿಲ್ಲಿಸಿ, ಅದರ ಗಡ್ಡದ ಕೆಳಗೆ ಗುಮ್ಮಟ ಹಿಡಿದಳು.

"ಇದೂ ಹದಿನೈದ ನೋಡ್ರಿ. ಬೇಕಾದ್ರ ಇದನ್ನ ಸೊಸಿ ಮಾಡ್ಕೋರಿ."

ಆಮೇಲೆ ಎಲ್ಲರನ್ನೂ ಮಗ್ಗದ ಕೋಣೆಯ ಕತ್ತಲೆಗೆ ಕರೆದುಕೊಂಡು ಹೋದಳು. ಗಂಗವ್ವ ನಾಲ್ಕು, ನೀಲವ್ವ ನಾಲ್ಕು, ಬಿಳಿ ಅಂಗಿಯ ಬಸವರಾಜ ನಾಲ್ಕು, ಹಿಂದೆಯೇ ಬಂದ ಆಡೂ ನಾಲ್ಕು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಹಂಗಾರ ನನ್ನ ದೊಡ್ಡ ಸೊಸಿ ಹದಿನೈದು?"

"ಅವತ್ತ... ಬಿಸಲ ಚಲೋ ಇತ್ರಿ" ಎಂದೆ.

"ಅಯ್ಯ ನಿನ್ನ! ಸೊಸಿ ಅಂತ ನಾ ಬಿಸಲ ತಂದ್ನೇನೋ?"

"ಅದು ಬಿಳುಪ ಅಲ್ರಿ ಗಂಗವ್ವಾರ, ಬೆಳಕ. ಹಿರೇವಡ್ಡಟ್ಟಿಯಾಗ ಮಾಡ ಬಂದಿತ್ತು. ನಾ ಹೇಳಲಿಲ್ಲ. ತಪ್ಪಾತು." ಆ ಎರಡನೆಯ ಕೂಗು ಕೊನೆಗೂ ಹೊರಬಿತ್ತು.

ಬಸವರಾಜ ಮೂಲೆಯಿಂದ, "ಹೌದವ್ವಾ. ಮಾಡ ಬಂದಿತ್ತು. ನಾ ನೋಡಿದ್ನಿ" ಎಂದ.

"ಮತ್ತ ಹೇಳಾಕ ಏನಾಗಿತ್ತೋ ನಿನಗ?"

"ನೀ ಮೀಟರ್‌ಗೆ ಕೇಳಿದಿ. ನನಗ ಎಲ್ಲಿ ಕೇಳಿದಿ?"

ಗಂಗವ್ವ ಮಗನ ಮುಖ ನೋಡಿದಳು. ನಾನೂ ನೋಡಿದೆ. ರೇಣುಕಾಳ ಮಾತು ಬಂದದ್ದೇ ತಡ, ಆ ಕತ್ತಲೆ ಕೋಣೆಯಲ್ಲಿ ಅವನ ಮುಖವೊಂದೇ ಬೇರೆ ಕಾಣುತ್ತಿತ್ತು. ನೀಲವ್ವನೂ ಕಂಡಳು. "ಹಿರೇವಡ್ಡಟ್ಟಿಗೇ ಹೋಗ್ರಿ ಅಮ್ಮಾರ. ನಮ್ಮ ಅಣ್ಣನ್ನೂ ಕರಕೊಂಡ ಹೋಗ್ರಿ, ತಾನು ಮಾಡಿದ್ದು ತಾನ ಹೇಳ್ಲಿ" ಎಂದಳು. ಗಂಗವ್ವ ನನ್ನನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ನಡುನಡುವೆ ಚೂಡಾ ತಿನ್ನಲು ನಿಲ್ಲಿಸುತ್ತಿದ್ದಳು. ತಟ್ಟೆ ಖಾಲಿಯಾಗುವವರೆಗೂ ಬೈದಳು. ನೀಲವ್ವನಿಗೆ ಅದೇ ವರ್ಷ ಹುಲಕೋಟಿಯಲ್ಲಿ ಸಂಬಂಧ ಕೂಡಿಬಂತು. ವರ ಅವಳನ್ನು ನೋಡಲು ಬಂದ ದಿನ ನಾನು ಮೀಟರನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದೆ.

ಹಿರೇವಡ್ಡಟ್ಟಿಗೆ ಹೋದೆವು. ರೇಣುಕಾಳ ತಂದೆ ನಿಂಗಪ್ಪ "ಬರ್ರಿ, ಕುಂಡ್ರಿ" ಎಂದರು. ಕೂಡ್ರಬೇಡಿ ಎಂಬಂತೆ ಎಂದರು. ಮೀಟರಿನವರು ಬಂದಿದ್ದಾರೆಂದು ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂಡಿದ್ದರು. ನಾನು ನಿಂತುಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿದೆ: ಈ ಮೀಟರಿಗೆ ಮೈಬಣ್ಣ ತಿಳಿಯುವುದಿಲ್ಲ, ಅವತ್ತು ಮೋಡ ಬಂದಿತ್ತು, ಈ ಹುಡುಗಿ ಅದನ್ನು ನನಗೆ ತೋರಿಸಿದಳು, ನಾನು ಬಾಯಿ ಮುಚ್ಚಿಕೊಂಡೆ.

ಯಾರೂ ನಂಬಲಿಲ್ಲ! "ಪಾಪ, ಮೀಟರ್ ಕೆಟ್ಟಿರಬೇಕು" ಎಂದಳು ಒಬ್ಬಳು. "ಹುಡುಗಿ ಕಡೆಯವರು ಏನೋ ಹೇಳಿ ಒಪ್ಪಿಸ್ಯಾರ" ಎಂದಳು ಇನ್ನೊಬ್ಬಳು. ನಿಂಗಪ್ಪನವರ ಮುಖ ಇನ್ನಷ್ಟು ಬಿಗಿಯಿತು. "ನನ್ನ ಮಗಳ ಹೆಸರಿಗೆ ಹನ್ನೆರಡ ಅಂತ ಕಟ್ಟಿ ಹ್ವಾದ್ರಿ. ಈಗ ಬಂದು ಮಾಡ, ಬಿಸಲ ಅಂತ ಹೇಳಿದ್ರ ಯಾರ ಕೇಳ್ತಾರ್ರೀ?"

ಆಗ ಬಾಗಿಲಲ್ಲಿದ್ದ ರೇಣುಕಾ ಮುಂದೆ ಬಂದು ನನ್ನ ಮುಂದೆ ಕೈಚಾಚಿದಳು. "ಕೊಡ್ರಿ ಇಲ್ಲೆ." ಕೊಟ್ಟೆ. ಅವಳು ಗಂಗವ್ವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಅಮ್ಮಾರ, ಆ ದನದ ಕೊಟಗಿ ಒಳಗ ಹೋಗಿ ನಿಂದರ್ರಿ" ಎಂದಳು. ಗಂಗವ್ವ ನನ್ನನ್ನು ನೋಡಿದಳು, ಮಗನನ್ನು ನೋಡಿದಳು, ಸೀರೆ ಎತ್ತಿ ಹಿಡಿದು ದನಗಳ ನಡುವೆ ಹೋಗಿ ನಿಂತಳು. ರೇಣುಕಾ ಅವಳ ಗದ್ದಕ್ಕೆ ಗುಮ್ಮಟ ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಲಕ್ಷ್ಮೇಶ್ವರದ ಗಂಗವ್ವಾರು... ಮೂರು!"

ಅಂಗಳವೆಲ್ಲ ಹೋ ಎಂದು ನಕ್ಕಿತು. ಮೂರು ಬಂದ ಗಂಗವ್ವನನ್ನು ಕಣ್ಣಾರೆ ಕಂಡ ಮೇಲೆ ಮೀಟರಿನ ಮೇಲೆ ಯಾರಿಗೆ ನಂಬಿಕೆ ಉಳಿದೀತು? "ಮೂರ ಇರ್ಲಿ, ಎರಡ ಇರ್ಲಿ ತಂಗಿ, ಉಣ್ಣಿ ಕಡ್ಯಾಕತ್ತಾವು, ಹೊರಗ ಕರಿ ನನ್ನ!" ಎಂದು ಗಂಗವ್ವ ಒಳಗಿನಿಂದ ಕೂಗಿದಳು. ಆ ನೋಟ ಬಿಡಬಾರದೆಂದು ನಾನು ಕ್ಯಾಮೆರಾದ ಕಣ್ಣನ್ನು ಕೊಟ್ಟಿಗೆಯ ಕತ್ತಲೆಗೆ ತಕ್ಕಂತೆ ಪೂರಾ ಅಗಲಿಸಿ ಎತ್ತುವಷ್ಟರಲ್ಲಿ ಆಕೆ ಹೊರಗೆ ಬಂದಾಗಿತ್ತು.

ನಗು ಇಳಿದ ಮೇಲೆ ನಿಂಗಪ್ಪ ಮಗಳ ಕಡೆ ನೋಡಿದರು. ಹೌದೋ ಅಲ್ಲವೋ, ಈಗ ಅವಳೇ ಹೇಳಬೇಕು. ಅವಳು ಬಿಸಿಲಲ್ಲಿ ನಿಂತಿದ್ದ ಬಸವರಾಜನ ಎದುರಿಗೆ ಹೋಗಿ ಮೀಟರನ್ನು ಅವನ ಗದ್ದದ ಹತ್ತಿರ ಹಿಡಿದಳು. ಅಂಕಿಯನ್ನೇ ನೋಡುತ್ತ ನಿಂತಳು.

"ಎಷ್ಟ ಬಂತವಾ?" ನಿಂಗಪ್ಪ ಕೇಳಿದರು.

"ಇವರು ನಗಾಕತ್ತಾರ್ರಿ ಅಪ್ಪಾ" ಎಂದಳು ಅವಳು, ತಾನೂ ನಗುತ್ತ. "ನನ್ನ ಕೈಯಾಗ ಮುಳ್ಳ ನಿಲ್ಲವಲ್ದು."

ನಿಂಗಪ್ಪ ಒಳಗೆ ತಿರುಗಿ ಸಕ್ಕರೆ ತರಲು ಹೇಳಿದರು. ನಾನು ಹಿಂದೆ ಮುಂದೆ ನೋಡದೆ ಆ ಇಬ್ಬರ ಫೋಟೋ ಒತ್ತಿಬಿಟ್ಟೆ. ಮೀಟರ್ ಅವಳ ಕೈಯಲ್ಲಿತ್ತು. ಕೇಳುವ ಮುಖ ನನಗಿರಲಿಲ್ಲ. ಕತ್ತಲೆಗೆಂದು ಅಗಲಿಸಿದ ಕಣ್ಣನ್ನು ಬಿಸಿಲಿಗೆ ಕುಗ್ಗಿಸಬೇಕೆಂಬುದು ನೆನಪಾದದ್ದು ಬಸ್ಸು ಮುಂಡರಗಿ ದಾಟಿದ ಮೇಲೆ. ತೊಳೆದು ನೋಡಿದರೆ ಬೆಳಕು ಕುಡಿದು ಕುಡಿದು ಫಿಲ್ಮು ಸತ್ತಿತ್ತು. ಎಷ್ಟು ತಿಣುಕಿ ಪ್ರಿಂಟ್ ಹಾಕಿದರೂ ಇಬ್ಬರೂ ಸುಣ್ಣ ಹೊಡೆದ ಗೋಡೆ. ಮೂಗು ಎಲ್ಲಿದೆ ಎಂದು ಹುಡುಕಬೇಕು. ತಲೆ ತಗ್ಗಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿ, "ಇದ ಹಾಳಾತ್ರಿ, ಇನ್ನೊಂದ ತಗದ ಕೊಡ್ತೀನಿ" ಎಂದು ಗಂಗವ್ವನ ಮುಂದೆ ಇಟ್ಟೆ. ಆಕೆ ಅದನ್ನು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತ ಹೇಳಿದಳು:

"ನೋಡ್ರಿ ಇಲ್ಲೆ! ಮೀಟರ್ ಇಲ್ಲದ ತಗದ್ರ ಎಷ್ಟ ಬೆಳ್ಳಗ ಬಂದಾರ ನನ್ನ ಮಗಾ ಸೊಸಿ!"